ಯಳಂದೂರಿನ ಕಲ್ಲಿನ ಬಳೆ

ರಜೆ ಬಂತೆಂದರೆ ಬೆಂಗಳೂರು, ಮೈಸೂರುಗಳ ಅನೇಕ ಸಂಸಾರಗಳಿಗೆ ಕಾಡಿನ ಹಂಬಲ ಹುಟ್ಟುತ್ತದೆ. ಬಿಳಿಗಿರಿರಂಗನ ಬೆಟ್ಟದ ಸಾಲಿನಲ್ಲಿರುವ ಕ್ಯಾತದೇವರಗುಡಿಯ ಶಿಬಿರದಲ್ಲಿ ಡೇರೆಯೊಂದನ್ನು ಮುಂಚಿತವಾಗಿ ಗೊತ್ತುಮಾಡಿ, ದುರ್ಬೀನು, ಉಣ್ಣೆಯ ಬಟ್ಟೆ, ಚಕ್ಕುಲಿಯ ಡಬ್ಬಿಗಳೊಡನೆ ಹೊರಟುಬಿಡುತ್ತಾರೆ. ಒಂದು ಕಾಲಕ್ಕೆ ಮೈಸೂರಿನ ಮಹಾರಾಜರು ಬೇಟೆಗೆಂದು ಬಂದು ತಂಗುತ್ತಿದ್ದ ತಾಣವದು. ಈಗ ಬಂದೂಕಿನ ಜಾಗದಲ್ಲಿ ಕ್ಯಾಮೆರಾ ಬಂದಿದೆ. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಜೀಪಿನಲ್ಲಿ ಕಾಡು ಸುತ್ತುವುದು; ಉಳಿದ ಹೊತ್ತು ಉಂಡು ಮಲಗುವುದು. ಹುಲಿಯನ್ನು ಕಂಡವರು ಆ ಕಥೆಯನ್ನು ವರ್ಷವಿಡೀ ಹೇಳುತ್ತಾರೆ. ಕಾಣದವರು ಹುಲಿಯ ಹೆಜ್ಜೆಗುರುತಿನ ಕಥೆಯನ್ನು ಅದಕ್ಕಿಂತಲೂ ಉದ್ದವಾಗಿ ಹೇಳುತ್ತಾರೆ. ಕೊನೆಯ ದಿನ ಬಂದ ದಾರಿಯಲ್ಲೇ ಚಾಮರಾಜನಗರಕ್ಕೆ ಇಳಿದು ಮನೆ ಸೇರುತ್ತಾರೆ. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಯಳಂದೂರೆಂಬ ಹಳೆಯ ಪಟ್ಟಣವೊಂದಿದೆ ಎಂಬ ಮಾತು ಶಿಬಿರದಲ್ಲಿ ಯಾರ ಬಾಯಲ್ಲೂ ಬರುವುದು ಅಪರೂಪ.

ಪಶ್ಚಿಮದವರ ರೂಢಿ ಬೇರೆ. ಫ್ರಾನ್ಸಿನ ದಕ್ಷಿಣದಲ್ಲಿ ವೇಸೋನ್ ಎಂಬ ಊರಿದೆ. ಹೊಳೆಯ ಒಂದು ದಡದಲ್ಲಿ ರೋಮನರ ಮನೆಗಳ ಅವಶೇಷ, ಎದುರು ದಡದ ಗುಡ್ಡದ ಮೇಲೆ ಮಧ್ಯಯುಗದ ಪೇಟೆ, ನಡುವೆ ರೋಮನರೇ ಕಟ್ಟಿದ ಒಂಟಿ ಕಮಾನಿನ ಸೇತುವೆ. 1992ರ ಭೀಕರ ಪ್ರವಾಹದಲ್ಲಿಯೂ ಆ ಸೇತುವೆ ನಿಂತಿತು. ಬೇಸಿಗೆಯಲ್ಲಿ ಅಲ್ಲಿಗೆ ಬರುವವರು ಊರಾಚೆ ಡೇರೆ ಹಾಕಿಕೊಂಡು, ಬೆಳಗಾದರೆ ಹಳೆಯ ಬೀದಿಗಳಿಗೆ ಹೊರಡುತ್ತಾರೆ. ಅವರಿಗೆ ಡೇರೆ ರಾತ್ರಿಯ ಆಸರೆ ಮಾತ್ರ. ನೋಡುವುದಕ್ಕೆ ಬಂದದ್ದು ಊರನ್ನು. ಬಿಳಿಗಿರಿಯ ತಪ್ಪಲಲ್ಲಿಯೂ ಇದಕ್ಕೆ ಅನುಕೂಲವೇನೂ ಕಡಿಮೆಯಿಲ್ಲ. ಬೆಟ್ಟದ ದೇವಸ್ಥಾನದಿಂದ ಯಳಂದೂರಿಗೆ ಸುಮಾರು 24 ಕಿಲೋಮೀಟರು, ಅಷ್ಟೆ.

ಯಳಂದೂರಿನಲ್ಲಿ ಮೊದಲು ನೋಡಬೇಕಾದದ್ದು ಗೌರೀಶ್ವರ ದೇವಾಲಯ. ವಿಜಯನಗರದ ಕಾಲದಲ್ಲಿ ಹದಿನಾಡನ್ನು ಆಳುತ್ತಿದ್ದ ಸಿಂಗದೇಪನು ಇದನ್ನು ಕಟ್ಟಿಸಿದನು. ದೂರದಿಂದ ಗೋಪುರವನ್ನು ಹುಡುಕುವ ಕಣ್ಣಿಗೆ ನಿರಾಶೆಯೇ ಸರಿ. ಹೆಬ್ಬಾಗಿಲ ಮೇಲೆ ಗೋಪುರವೇ ಇಲ್ಲ. ಆದರೆ ಆ ಹೆಬ್ಬಾಗಿಲ ಮಂಟಪದ ಕೆಳಗೆ ನಿಂತು ತಲೆಯೆತ್ತಿದರೆ ನಿರಾಶೆ ಮರೆತುಹೋಗುತ್ತದೆ. ಮೂಲೆಗಳಿಂದ ಕಲ್ಲಿನ ಸರಪಣಿಗಳು ಇಳಿಬಿದ್ದಿವೆ. ಒಂದರೊಳಗೊಂದು ಕೂಡಿಕೊಂಡಿರುವ ಬಳೆಗಳು. ಯಾವ ಬಳೆಗೂ ಬೆಸುಗೆಯಿಲ್ಲ, ಎಲ್ಲವೂ ಒಂದೇ ಕಲ್ಲಿನಿಂದ ಬಿಡಿಸಿದವು. ಜನ ಇದನ್ನು ಬಳೆಮಂಟಪವೆಂದು ಕರೆಯುತ್ತಾರೆ. ಇದಕ್ಕಿಂತ ಒಳ್ಳೆಯ ಹೆಸರು ಪಂಡಿತರಿಗೂ ಹೊಳೆಯಲಾರದು. ಉಳಿ ಒಮ್ಮೆ ಜಾರಿದ್ದರೆ ಆವರೆಗಿನ ಶ್ರಮವೆಲ್ಲ ಮಣ್ಣುಪಾಲು. ಚಿನ್ನದ ಸರ ಮಾಡುವವನಿಗೆ ತಪ್ಪಿದರೆ ಕರಗಿಸಿ ಮತ್ತೆ ಮಾಡುವ ಅವಕಾಶವುಂಟು, ಕಲ್ಲುಕುಟಿಗನಿಗೆ ಅದಿಲ್ಲ. ಗೋಡೆ ಕಂಬಗಳ ಮೇಲೆ ನರಸಿಂಹ, ಶರಭ, ಭೈರವ, ಕಾಳಿಯಮರ್ದನ, ದಕ್ಷಿಣಾಮೂರ್ತಿಗಳಿದ್ದಾರೆ. ವಾಲಿ ಸುಗ್ರೀವರ ಕಾಳಗವನ್ನು ಮಕ್ಕಳೇ ಮೊದಲು ಗುರುತಿಸಿಯಾರು. ಗುರುತಿಸಲಿ, ಆದರೆ ಬಳೆಗಳನ್ನು ಹಿಡಿದು ಅಲುಗಾಡಿಸುವ ಆಸೆಯನ್ನು ಮಾತ್ರ ತಂದೆತಾಯಿಗಳು ತಡೆಯಬೇಕು. ಹುಲಿಗೆ ಕಾವಲುಗಾರರಿದ್ದಾರೆ, ಈ ಬಳೆಗಳಿಗೆ ನೋಡಲು ಬಂದವರ ವಿವೇಕವೇ ದೊಡ್ಡ ಕಾವಲು.

ಊರಿನ ಶಾಸನಗಳನ್ನು 1898ರಷ್ಟು ಹಿಂದೆಯೇ ರೈಸ್ ಸಾಹೇಬರು ‘ಎಪಿಗ್ರಾಫಿಯಾ ಕರ್ಣಾಟಿಕಾ’ದ 4ನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಅವುಗಳಲ್ಲಿ ಅರಸರ ಹೆಸರುಗಳಿಗೆ ಬರವಿಲ್ಲ. ಆದರೆ ಇಂದು ಕನ್ನಡ ಬಲ್ಲ ಮನೆಗಳಲ್ಲಿ ಯಳಂದೂರು ನೆನಪಾಗುವುದು ಅರಸರಿಂದಲ್ಲ. ಎಲೆಯಡಿಕೆಯ ಸಂಚಿ ಹಿಡಿದು ನಿಲ್ಲುತ್ತಿದ್ದ ಒಬ್ಬ ಹೆಣ್ಣುಮಗಳಿಂದ. ಮೈಸೂರಿನ ಚಿಕ್ಕದೇವರಾಜ ಒಡೆಯರು ಆಳಿದ್ದು 1673ರಿಂದ 1704ರ ವರೆಗೆ. ಅವರ ಪಟ್ಟದರಸಿ ದೇವಾಜಮ್ಮಣ್ಣಿ ಯಳಂದೂರಿನ ಅರಸುಮನೆತನದ ಮಗಳು. ಆಕೆಯ ಊಳಿಗದಲ್ಲಿ ಯಳಂದೂರಿನವಳೇ ಆದ ಹೊನ್ನಮ್ಮನಿದ್ದಳು. ಅರಮನೆಯ ವಿದ್ವಾಂಸರಾದ ಸಿಂಗರಾರ್ಯರ ಬಳಿ ವಿದ್ಯೆ ಕಲಿತು, ಆಡುವ ಮಾತಿಗೆ ಹತ್ತಿರವಾದ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದಳು. ಹೆಸರಿಗೆ ತಕ್ಕಂತೆ ಅದು ಪತಿವ್ರತೆಯ ನಡೆನುಡಿಯನ್ನು ಹೇಳುವ ಗ್ರಂಥ. ಅದರ ಎಷ್ಟೋ ವಿಧಿಗಳನ್ನು ಇಂದಿನ ವಿದ್ಯಾವಂತ ಹೆಣ್ಣು ಒಪ್ಪಲಾರಳು, ಒಪ್ಪಬೇಕಾದುದೂ ಇಲ್ಲ. ಆದರೆ ಹೆಣ್ಣುಮಗುವನ್ನು ಹೀಗಳೆಯುವವರನ್ನು ಅದೇ ಹೊನ್ನಮ್ಮ ತರಾಟೆಗೆ ತೆಗೆದುಕೊಂಡ ಕಡೆ, ಮುನ್ನೂರು ವರ್ಷಗಳಾಚೆಯ ದನಿ ಪಕ್ಕದ ಕೋಣೆಯಿಂದ ಕೇಳಿದಂತಾಗುತ್ತದೆ. ಅವಳು ನಡೆದಾಡಿದ ಊರಿನ ಅಂಚಿನಲ್ಲಿ ಮೋಟಾರು ನಿಲ್ಲಿಸದೆ ಹೋಗುವುದು, ಪಠ್ಯಪುಸ್ತಕದಲ್ಲಿ ಅವಳನ್ನು ಓದಿದ ಹುಡುಗಿಯರಿಗೆ ಮಾಡಿದ ಅನ್ಯಾಯವೇ.

‘ರಾಜಶೇಖರವಿಳಾಸ’ದ ಷಡಕ್ಷರದೇವನೂ ಇದೇ ಊರಿನ ಮಠದಲ್ಲಿದ್ದವನು. ಒಂದು ಚಿಕ್ಕ ಪಟ್ಟಣಕ್ಕೆ ಇಷ್ಟು ಸಾಲದೆ? ಸಾಲದೆಂಬಂತೆ 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಹೈದರ, ಟಿಪ್ಪು, ಬಳಿಕ ಬಾಲಕ ಕೃಷ್ಣರಾಜ ಒಡೆಯರು, ಹೀಗೆ ಮೂರು ಆಳ್ವಿಕೆಗಳಿಗೆ ದುಡಿದ ಆ ಚತುರನ ವಂಶದವರೇ ಆದ ಪಿ. ಎನ್. ಕೃಷ್ಣಮೂರ್ತಿಗಳು 1901ರಲ್ಲಿ ಮೈಸೂರಿನ ದಿವಾನರಾದರು. ಜಹಗೀರು ಹೋಯಿತು, ಜಹಗೀರುದಾರರ ಬಂಗಲೆ ಉಳಿದಿದೆ.

ಊರನ್ನು ನೋಡಿದ ಮೇಲೆ ಬೆಟ್ಟವೂ ಬೇರೆಯಾಗಿ ಕಾಣುತ್ತದೆ. ಶಿಬಿರದವರು ಬರಿಯ ಕಾಡೆಂದು ಭಾವಿಸುವ ಆ ಮಲೆ ಸೋಲಿಗರ ಮನೆ. ಬಿಳಿಗಿರಿಯ ರಂಗನಾಥ ಸೋಲಿಗರ ಕುಸುಮಾಲೆಯನ್ನು ಮದುವೆಯಾದನೆಂದು ಕಥೆ. ಆದ್ದರಿಂದ ಅವರಿಗೆ ದೇವರು ಸ್ವಾಮಿಯಲ್ಲ, ಭಾವ. ಭಾವನೊಡನೆ ಹಾಸ್ಯ ಮಾಡಬಹುದು, ಜಗಳವನ್ನೂ ಆಡಬಹುದು! 1974ರಲ್ಲಿ ಕಾಡು ಅಭಯಾರಣ್ಯವಾದಾಗ, ಪೋಡುಗಳಲ್ಲಿದ್ದ ಈ ಬಂಧುಗಳನ್ನೇ ಎಬ್ಬಿಸಿ ಬೇರೆಡೆ ನೆಲೆಗೊಳಿಸಲಾಯಿತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಕಾಡಿನ ಮೇಲೆ ಸೋಲಿಗರ ಸಾಮೂಹಿಕ ಹಕ್ಕಿಗೂ ಸರ್ಕಾರದ ಮನ್ನಣೆ ದೊರೆಯಿತು. ಜೀಪಿನ ಮುಂದೆ ಹುಲಿ ಹಾದುಹೋಗದ ದಿನ ಬೇಸರಪಡುವವರು, ದಾರಿಯಲ್ಲಿ ಜೇನು ಹೊತ್ತು ಬರುವ ಸೋಲಿಗನನ್ನು ಮಾತನಾಡಿಸಿದರೆ ಆ ದಿನವೇನೂ ವ್ಯರ್ಥವಾಗದು.

ಹೊರಡುವ ದಿನ ಚಾಮರಾಜನಗರದ ಕಡೆ ತಿರುಗದೆ, ಬೆಟ್ಟದ ದೇವಸ್ಥಾನದ ದಾರಿ ಹಿಡಿದು ಯಳಂದೂರಿಗೆ ಇಳಿಯುವುದೇ ಇದಕ್ಕೆಲ್ಲ ಉಪಾಯ. ಕಾಡಿನ ದಾರಿಯ ಗೇಟುಗಳನ್ನು ರಾತ್ರಿ ಮುಚ್ಚುವುದರಿಂದ ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು. ಹೊತ್ತು ಉಳಿದರೆ ಮುಂದೆ ಕೊಳ್ಳೇಗಾಲ. 1956ರ ವರೆಗೆ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರಿನ ಗೃಹಿಣಿ ಪಕ್ಕದೂರಿನ ಸೀರೆ ತರಲು ರಾಜ್ಯದ ಗಡಿಯನ್ನೇ ದಾಟಬೇಕಾಗಿತ್ತು. ಅಲ್ಲಿಂದ ಹನೂರಿನ ಮೇಲೆ ಹೋಗುವ ದಾರಿ ಮಲೆಯ ಮಹದೇಶ್ವರನ ಸನ್ನಿಧಿಗೆ ಮುಟ್ಟಿಸುತ್ತದೆ. ಆ ಯಾತ್ರೆಗೆ ಬೇರೆಯೇ ರಜೆ ಬೇಕು. ಕೊಳ್ಳೇಗಾಲದ ರೇಷ್ಮೆಯ ಅಂಗಡಿಗಳ ಮುಂದೆ ಮಾತ್ರ ಯಜಮಾನರು ಗಡಿಯಾರ ನೋಡಿ ಪ್ರಯೋಜನವಿಲ್ಲ.