ಆಸೆ ಕುಂದಿದರೆ ನಾಚಿಕೆ ಯಾಕೆ?

ಬಸ್ ನಿಲ್ದಾಣದ ಗೋಡೆಯಲ್ಲಿ ‘ಗುಪ್ತರೋಗಕ್ಕೆ ಖಚಿತ ಪರಿಹಾರ’ ಎಂಬ ಚೀಟಿ ನೀವೂ ನೋಡಿರುತ್ತೀರಿ. ನಾಳೆ ಅದರ ಪಕ್ಕದಲ್ಲೇ ‘ತಲೆಗೆ ಯಂತ್ರ ಇಟ್ಟು ಕಾಮಾಸಕ್ತಿ ಹೆಚ್ಚಿಸುತ್ತೇವೆ’ ಎಂಬ ಬೋರ್ಡು ಬಂದರೂ ಆಶ್ಚರ್ಯವಿಲ್ಲ.

ಯಂತ್ರವೇನೋ ಸುಳ್ಳಲ್ಲ. ತಲೆ ಕೊಯ್ಯದೆ, ಹೊರಗಿನಿಂದಲೇ ತಂತಿಸುರುಳಿ ಹಿಡಿದು ಮೆದುಳಿಗೆ ಕಾಂತದ ಮಿಡಿತ ಕಳಿಸುವುದನ್ನು 1985ರಲ್ಲಿ ಇಂಗ್ಲೆಂಡಿನ ಆಂಥೊನಿ ಬಾರ್ಕರ್ ತಂಡ ತೋರಿಸಿಕೊಟ್ಟಿತು. ಖಿನ್ನತೆಯ ಚಿಕಿತ್ಸೆಗೆ ಅಮೆರಿಕ 2008ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ನಿಮ್ಹಾನ್ಸ್‌ನಲ್ಲೂ ಈ ಚಿಕಿತ್ಸೆ ಇದೆ.

ಕಾಮಾಸಕ್ತಿಯ ವಿಷಯ ಬೇರೆ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹಣೆಯ ಎಡಭಾಗದ ಮೆದುಳನ್ನು ಚುರುಕುಗೊಳಿಸಿದಾಗ ಲೈಂಗಿಕ ಸುಖದ ನಿರೀಕ್ಷೆಗೆ ಅದು ಹೆಚ್ಚು ಸ್ಪಂದಿಸಿತು, ಮಂದಗೊಳಿಸಿದಾಗ ಕಡಿಮೆ. ಆದರೆ ಪಾಲ್ಗೊಂಡವರು ಬರೀ 20 ಮಂದಿ. ಅದು ಪ್ರಯೋಗ, ಚಿಕಿತ್ಸೆಯಲ್ಲ.

ನನಗೆ ಇದರಲ್ಲಿ ಕಂಡ ದೊಡ್ಡ ಮಾತು ಇಷ್ಟೇ: ಆಸೆಯ ಬೇರು ಮೆದುಳಲ್ಲೂ ಇದೆ. ಹಾಗಾಗಿ ಅದು ಕುಂದಿದರೆ ಗಂಡಸುತನದ ಸೋಲಲ್ಲ, ಹೆಂಗಸಿನ ತಪ್ಪೂ ಅಲ್ಲ. ಸಕ್ಕರೆ ಕಾಯಿಲೆ, ಬಿಪಿ, ಖಿನ್ನತೆ, ಕೆಲವು ಮಾತ್ರೆಗಳೂ ಕಾರಣ ಇರಬಹುದು. ಹಾಗಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಗೋಡೆ ಮೇಲಿನ ನಂಬರಿಗೆ ಫೋನ್ ಮಾಡುವ ಮೊದಲು ಗಂಡ-ಹೆಂಡತಿ ಕೂತು ಮಾತಾಡಿ, ತಾಲ್ಲೂಕು ಆಸ್ಪತ್ರೆಯ ಡಾಕ್ಟರನ್ನು ಕೇಳಿ. ಅವರಿಗೆ ಇದು ಹೊಸದಲ್ಲ, ನಾಚಿಕೆಯೂ ಇಲ್ಲ.