ಒಬ್ಬರ ಜೇಬಿನ ಮೇಲೆ ನಿಂತಿದ್ದ ಕ್ಲಬ್ಬು

ಸ್ಕಾಟ್ಲೆಂಡಿನ ದಕ್ಷಿಣದ ತುದಿಯಲ್ಲಿ, ಇಂಗ್ಲೆಂಡಿನ ಗಡಿಗೆ ತಾಗಿಕೊಂಡು ಗ್ರೆಟ್ನಾ ಅಂತ ಒಂದು ಊರಿದೆ. ಜನಸಂಖ್ಯೆ ಸುಮಾರು 3,000. ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ ಅನ್ನಬಹುದು. ಈ ಊರಿನ ಫುಟ್‌ಬಾಲ್ ಕ್ಲಬ್ಬು 2005, 2006, 2007ರಲ್ಲಿ ಒಂದರ ಹಿಂದೆ ಒಂದು ಬಡ್ತಿ ಪಡೆದು, ನಾಲ್ಕನೇ ದರ್ಜೆಯಿಂದ ದೇಶದ ಅತಿ ದೊಡ್ಡ ಲೀಗಿಗೆ ಏರಿತು. 2008ರಲ್ಲಿ ಬಾಗಿಲು ಹಾಕಿತು.

ಈ ಕಥೆ ಹೇಳುವವರು ಸಾಮಾನ್ಯವಾಗಿ "ದೊಡ್ಡ ಕನಸು ಕಂಡರು, ಬಿದ್ದರು" ಅಂತ ಮುಗಿಸಿಬಿಡುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಸಣ್ಣ ಊರು ದೊಡ್ಡ ಕನಸು ಕಾಣಬಾರದು ಅಂತ ಎಲ್ಲಿದೆ? ಗ್ರೆಟ್ನಾದಲ್ಲಿ ಎಡವಟ್ಟಾಗಿದ್ದು ಬೇರೆ ಕಡೆ. ಊರಿನ ಹೆಸರು ಹೊತ್ತ ಕ್ಲಬ್ಬಿನ ಪ್ರತಿ ತಿಂಗಳ ಖರ್ಚು ಒಬ್ಬ ಮನುಷ್ಯನ ಜೇಬಿನಿಂದ ಬರುತ್ತಿತ್ತು.

ಮೊದಲು ಊರಿನ ಪರಿಚಯ. ಪಕ್ಕದ ಗ್ರೆಟ್ನಾ ಗ್ರೀನ್ ಓಡಿಹೋಗಿ ಮದುವೆಯಾಗುವವರಿಗೆ ಹೆಸರುವಾಸಿ. 1754ರಲ್ಲಿ ಇಂಗ್ಲೆಂಡಿನಲ್ಲಿ ಮದುವೆಯ ಕಾನೂನು ಬಿಗಿಯಾಯಿತು. 21 ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕೇ ಬೇಕಾಯಿತು. ಸ್ಕಾಟ್ಲೆಂಡಿನಲ್ಲಿ ಆ ಕಟ್ಟು ಇರಲಿಲ್ಲ. ಪ್ರೀತಿಸಿದವರು ಗಡಿ ದಾಟಿ ಬಂದು, ಕಮ್ಮಾರನ ಕುಲುಮೆಯಲ್ಲಿ ಅಡಿಗಲ್ಲಿನ ಮುಂದೆ ನಿಂತು ಮದುವೆಯಾಗುತ್ತಿದ್ದರು. ಕ್ಲಬ್ಬಿನ ಅಡ್ಡಹೆಸರೂ ಅದೇ, ಕಬ್ಬಿಣ ಬಡಿಯುವ ಅಡಿಗಲ್ಲು.

ಕ್ಲಬ್ಬು ಹುಟ್ಟಿದ್ದು 1946ರಲ್ಲಿ. ಗಡಿಯ ಊರಾದ್ದರಿಂದ ಎಷ್ಟೋ ವರ್ಷ ಇಂಗ್ಲೆಂಡಿನ ಲೀಗುಗಳಲ್ಲೇ ಆಡಿತು. ಸ್ಕಾಟ್ಲೆಂಡಿನ ಲೀಗಿಗೆ ಸೇರಲು ಜಾಗ ಸಿಕ್ಕಿದ್ದು 2002ರಲ್ಲಿ, ಅದೂ ಏರ್‌ಡ್ರಿಯೋನಿಯನ್ಸ್ ಎಂಬ ಹಳೆಯ ಕ್ಲಬ್ಬು ದಿವಾಳಿಯಾಗಿ ಒಂದು ಸ್ಥಾನ ಖಾಲಿ ಬಿದ್ದಿದ್ದರಿಂದ. ಒಂದು ಊರಿನ ಕ್ಲಬ್ಬು ಸತ್ತಾಗ ಇನ್ನೊಂದು ಊರಿಗೆ ಬಾಗಿಲು ತೆರೆಯಿತು. ಈ ಮಾತು ನೆನಪಿಟ್ಟುಕೊಳ್ಳಿ.

ಆಗ ಬಂದವರು ಬ್ರೂಕ್ಸ್ ಮೈಲ್ಸನ್. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕಡೆಯವರು, ವ್ಯಾಪಾರದಲ್ಲಿ ದುಡಿದು ಶ್ರೀಮಂತರಾದವರು. ಉದ್ದ ಕೂದಲು, ಬಾಯಲ್ಲಿ ಸಿಗರೇಟು. ಮಾಲೀಕರ ಕುರ್ಚಿಗಿಂತ ಅಭಿಮಾನಿಗಳ ಮಧ್ಯೆ ನಿಂತು ಆಟ ನೋಡುವುದೇ ಅವರಿಗೆ ಇಷ್ಟ. ಗ್ರೆಟ್ನಾ ಅಲ್ಲದೆ ಇನ್ನೂ ಹಲವು ಸಣ್ಣ ಕ್ಲಬ್ಬುಗಳಿಗೆ ದುಡ್ಡು ಕೊಟ್ಟವರು. ಕೈ ಬಿಚ್ಚಿ ಕೊಡುವ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ.

ಆ ದುಡ್ಡಿನಿಂದ ಮೇಲಿನ ದರ್ಜೆಯ ಆಟಗಾರರು ಈ ಪುಟ್ಟ ಊರಿಗೆ ಬಂದರು. ರೋವನ್ ಅಲೆಕ್ಸಾಂಡರ್ ತರಬೇತುದಾರರಾಗಿದ್ದ ಕಾಲ ಅದು. 2004-05ರಲ್ಲಿ ತಂಡ 36 ಪಂದ್ಯಗಳಲ್ಲಿ 130 ಗೋಲು ಹೊಡೆದು, 98 ಅಂಕ ಗಳಿಸಿ ತನ್ನ ದರ್ಜೆ ಗೆದ್ದಿತು. ಮುಂದಾಳು ಕೆನ್ನಿ ಡ್ಯೂಕರ್ ಒಂದೇ ಋತುವಿನಲ್ಲಿ ಆರು ಹ್ಯಾಟ್ರಿಕ್ ಬಾರಿಸಿದರು. ಅವರು ಓದಿದ್ದು ವೈದ್ಯಕೀಯ, ನಿಜವಾದ ಡಾಕ್ಟರು!

ಮರುವರ್ಷ ಇನ್ನೊಂದು ದರ್ಜೆ ಗೆದ್ದರು. ಅಷ್ಟೇ ಅಲ್ಲ, 2006ರ ಮೇ 13ರಂದು ಗ್ಲಾಸ್ಗೋದ ಹ್ಯಾಂಪ್ಡನ್ ಮೈದಾನದಲ್ಲಿ ಸ್ಕಾಟಿಷ್ ಕಪ್ ಫೈನಲ್ ಆಡಿದರು. ಮೂರನೇ ದರ್ಜೆಯ ತಂಡವೊಂದು ಆ ಫೈನಲ್ ತಲುಪಿದ್ದು ಅದೇ ಮೊದಲು. ಎದುರಿಗೆ ಎಡಿನ್‌ಬರೋದ ಹಾರ್ಟ್ಸ್. ಮೊದಲು ಹಾರ್ಟ್ಸ್ ಗೋಲು ಹೊಡೆಯಿತು. ಗ್ರೆಟ್ನಾದ ರಯಾನ್ ಮಕ್‌ಗಫಿ ಹೊಡೆದ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದರು. ವಾಪಸ್ ಬಂದ ಚೆಂಡನ್ನು ಮಕ್‌ಗಫಿಯೇ ಒಳಗೆ ಒದ್ದರು. 1-1. ಕೊನೆಗೆ ಪೆನಾಲ್ಟಿ ಶೂಟೌಟಿನಲ್ಲಿ 4-2ರಿಂದ ಸೋಲು. ಗೇವಿನ್ ಸ್ಕೆಲ್ಟನ್ ಹೊಡೆದ ಚೆಂಡು ಅಡ್ಡಕಂಬಕ್ಕೆ ಬಡಿದಿತ್ತು. ಆ ಹೆಸರನ್ನೂ ನೆನಪಿಡಿ.

2007ರ ಏಪ್ರಿಲ್ 28ರಂದು, ಋತುವಿನ ಕೊನೆಯ ಪಂದ್ಯದ ಕೊನೆಯ ಗಳಿಗೆಯಲ್ಲಿ ಜೇಮ್ಸ್ ಗ್ರೇಡಿ ರಾಸ್ ಕೌಂಟಿ ವಿರುದ್ಧ ಗೋಲು ಹೊಡೆದರು. 3-2. ಗ್ರೆಟ್ನಾ ಪ್ರೀಮಿಯರ್ ಲೀಗಿಗೆ ಏರಿತು.

ಈಗ ಒಂದು ಸರಳ ಲೆಕ್ಕ ಹಾಕೋಣ. ಊರಿನಲ್ಲಿರುವುದೇ 3,000 ಜನ. ತೊಟ್ಟಿಲ ಕೂಸಿನಿಂದ ಹಿಡಿದು ಅಜ್ಜ ಅಜ್ಜಿಯವರೆಗೆ ಎಲ್ಲರೂ ಪ್ರತಿ ಪಂದ್ಯಕ್ಕೆ ಟಿಕೆಟ್ ಕೊಂಡರೂ ದೊಡ್ಡ ಲೀಗಿನ ಆಟಗಾರರ ಸಂಬಳ ಹುಟ್ಟುವುದಿಲ್ಲ. ಪ್ರೀಮಿಯರ್ ಲೀಗಿನ ನಿಯಮದ ಪ್ರಕಾರ ಮೈದಾನದಲ್ಲಿ 6,000 ಆಸನ ಇರಬೇಕಿತ್ತು, ಅಂದರೆ ಊರಿನ ಜನರ ಎರಡರಷ್ಟು. ಗ್ರೆಟ್ನಾದ ರೇಡೇಲ್ ಪಾರ್ಕ್ ಅದಕ್ಕೆ ಸಾಲದಾಯಿತು. ಹಾಗಾಗಿ ತಂಡ ನೂರು ಕಿಲೋಮೀಟರಿಗಿಂತ ದೂರದ ಮದರ್‌ವೆಲ್ ಊರಿನ ಮೈದಾನವನ್ನು ಹಂಚಿಕೊಂಡು "ಮನೆಯಂಗಳದ ಪಂದ್ಯ" ಆಡಬೇಕಾಯಿತು.

ತನ್ನೂರಿನ ತಂಡ ಗೆದ್ದು ಗೆದ್ದು, ತನ್ನೂರಿಗೇ ಬರದಂತಾಯಿತು. ನಮಗೆ ಇಡೀ ಕಥೆಯಲ್ಲಿ ಹೆಚ್ಚು ಚುಚ್ಚುವ ಮಾತು ಇದೇ. ಗೆಲುವು ಊರಿಗೆ ಏನು ತಂದಿತು ಅನ್ನುವ ಪ್ರಶ್ನೆಗೆ 2008ರ ಏಪ್ರಿಲ್‌ನ ಒಂದು ಪಂದ್ಯ ಉತ್ತರ ಕೊಡುತ್ತದೆ. ಇನ್ವರ್ನೆಸ್ ತಂಡದ ವಿರುದ್ಧದ ಆ ಆಟ ನೋಡಲು ಬಂದವರು 431 ಮಂದಿ.

ಅಷ್ಟರಲ್ಲಿ ಮೈಲ್ಸನ್ ಹಾಸಿಗೆ ಹಿಡಿದಿದ್ದರು. ದುಡ್ಡು ಬರುವುದು ನಿಂತಿತು. ಅದು ನಿಂತ ಕೂಡಲೇ ಎಲ್ಲವೂ ನಿಂತಿತು. 2008ರ ಮಾರ್ಚ್‌ನಲ್ಲಿ ಕ್ಲಬ್ಬು ನ್ಯಾಯಾಲಯ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು. ದಂಡವಾಗಿ 10 ಅಂಕ ಕಡಿತವಾಯಿತು. ಉಳಿದ ಪಂದ್ಯಗಳನ್ನು ಆಡಿ ಮುಗಿಸಲು ಲೀಗೇ ದುಡ್ಡು ಕೊಡಬೇಕಾಯಿತು.

ಕೊನೆಯ ಪಂದ್ಯ ಮೇ 13ರಂದು. ಕಪ್ ಫೈನಲ್ ಆಡಿ ಸರಿಯಾಗಿ ಎರಡು ವರ್ಷ. ಎದುರಿಗೆ ಮತ್ತೆ ಹಾರ್ಟ್ಸ್. ಗ್ರೆಟ್ನಾ 1-0ರಿಂದ ಗೆದ್ದಿತು. ಗೋಲು ಹೊಡೆದವರು ಅದೇ ಗೇವಿನ್ ಸ್ಕೆಲ್ಟನ್. ಆ ಕ್ಲಬ್ಬಿನ ಕಟ್ಟಕಡೆಯ ಗೋಲು ಅದು. ಕೆಲವೇ ದಿನಗಳಲ್ಲಿ ನೌಕರರೆಲ್ಲ ಕೆಲಸ ಕಳೆದುಕೊಂಡರು. ಜೂನ್‌ನಲ್ಲಿ ಕ್ಲಬ್ಬು ಲೀಗಿಗೆ ರಾಜೀನಾಮೆ ಕೊಟ್ಟಿತು. ಸಾಲ ಸುಮಾರು 40 ಲಕ್ಷ ಪೌಂಡ್ ಇತ್ತು. ಆ ವರ್ಷದ ನವೆಂಬರ್‌ನಲ್ಲಿ ಮೈಲ್ಸನ್ ತೀರಿಕೊಂಡರು. ಅವರಿಗೆ 60 ವರ್ಷ.

"ಆ ಮನುಷ್ಯ ಇಲ್ಲದಿದ್ದರೆ ಗ್ರೆಟ್ನಾ ಹ್ಯಾಂಪ್ಡನ್ ಮುಖವನ್ನೇ ನೋಡುತ್ತಿರಲಿಲ್ಲ, ಆ ಸಂತೋಷಕ್ಕೆ ಬೆಲೆ ಇಲ್ಲವೇ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ದಿನದ ಸಂತೋಷವನ್ನು ಯಾವ ಸಾಲಗಾರನೂ ಜಪ್ತಿ ಮಾಡಲಾರ. ಕೊಟ್ಟ ಕೈಯನ್ನು ಹಳಿಯುವುದು ನಮ್ಮ ಉದ್ದೇಶವೂ ಅಲ್ಲ. ಆದರೆ ಅದೇ ದುಡ್ಡು ಊರಿನಲ್ಲೇ ಉಳಿಯುವಂಥ ಮೈದಾನಕ್ಕೆ, ಠೇವಣಿಗೆ ಹೋಗಿ, ಸಂಬಳ ಮಾತ್ರ ಕ್ಲಬ್ಬಿನ ಸ್ವಂತ ದುಡಿಮೆಯ ಮಿತಿಯಲ್ಲಿ ಇದ್ದಿದ್ದರೆ? ಬಹುಶಃ ಏರುವುದು ನಿಧಾನವಾಗುತ್ತಿತ್ತು. ಪ್ರೀಮಿಯರ್ ಲೀಗ್ ಸಿಗುತ್ತಲೇ ಇರಲಿಲ್ಲವೇನೋ. ಕ್ಲಬ್ಬು ಮಾತ್ರ ಒಬ್ಬರ ಕಾಯಿಲೆಯ ಜೊತೆಗೇ ಹಾಸಿಗೆ ಹಿಡಿಯುತ್ತಿರಲಿಲ್ಲ.

ಇದಕ್ಕೆ ಸಾಕ್ಷಿ ಬೇಕೆಂದರೆ ಅಂದು ಕಪ್ ಗೆದ್ದ ಹಾರ್ಟ್ಸನ್ನೇ ನೋಡಿ. 2006ರಲ್ಲಿ ಅದೂ ಒಬ್ಬರ ದುಡ್ಡಿನ ಮೇಲೆಯೇ ನಡೆಯುತ್ತಿತ್ತು. ಲಿಥುವೇನಿಯಾದ ವ್ಲಾದಿಮಿರ್ ರೊಮಾನೊವ್ ಅದರ ಒಡೆಯ. 2013ರಲ್ಲಿ ಹಾರ್ಟ್ಸ್ ಕೂಡ ಆಡಳಿತಗಾರರ ಕೈಗೆ ಹೋಯಿತು, 15 ಅಂಕ ಕಳೆದುಕೊಂಡಿತು, ಕೆಳಗಿನ ದರ್ಜೆಗೆ ಬಿತ್ತು. ಆದರೆ ಸಾಯಲಿಲ್ಲ. ಸುಮಾರು 8,000 ಅಭಿಮಾನಿಗಳು ತಿಂಗಳು ತಿಂಗಳು ತಮ್ಮ ಕೈಲಾದಷ್ಟು ಹಣ ಹಾಕುತ್ತಾ ಬಂದರು. ಆನ್ ಬಜ್ ಎಂಬ ಉದ್ಯಮಿ ಮೊದಲಿಗೆ ಕ್ಲಬ್ಬನ್ನು ಕೊಂಡು ಉಳಿಸಿಕೊಂಡರು. 2021ರಲ್ಲಿ ಹೆಚ್ಚಿನ ಪಾಲು ಅಭಿಮಾನಿಗಳ ಸಂಘದ ಹೆಸರಿಗೆ ಬಂತು. ಅಲ್ಲೂ ಒಬ್ಬ ಶ್ರೀಮಂತರ ಸಹಾಯ ಇತ್ತು ನೋಡಿ. ಆದರೆ ಆ ಸಹಾಯ ಸೇತುವೆಯಾಗಿತ್ತು, ಆಚೆ ದಡದಲ್ಲಿ ಜನ ನಿಂತಿದ್ದರು.

ಎಡಿನ್‌ಬರೋ ರಾಜಧಾನಿ, ಗ್ರೆಟ್ನಾ ಹಳ್ಳಿ, ಹೋಲಿಕೆ ಸರಿಯಲ್ಲ ಅನ್ನಬಹುದು. ಹಾಗಾದರೆ ಗ್ರೆಟ್ನಾದಿಂದ ಹದಿಮೂರು ಕಿಲೋಮೀಟರ್ ದೂರದ ಆ್ಯನನ್ ಊರಿಗೆ ಬನ್ನಿ. ಗ್ರೆಟ್ನಾ ಸತ್ತಾಗ ಖಾಲಿಯಾದ ಸ್ಥಾನ ಸಿಕ್ಕಿದ್ದು ಆ್ಯನನ್ ಅಥ್ಲೆಟಿಕ್ ಕ್ಲಬ್ಬಿಗೆ. ಮೇಲೇರಲು ಅವರಿಗೆ ಹದಿನೈದು ವರ್ಷ ಹಿಡಿಯಿತು, 2023ರಲ್ಲಿ ಒಂದು ಬಡ್ತಿ. ಅವರ ಬಗ್ಗೆ ಯಾರೂ ದೊಡ್ಡ ಕಥೆ ಕಟ್ಟಲಿಲ್ಲ. ಪ್ರತಿ ವಾರ ಆಟ ಮಾತ್ರ ನಡೆಯುತ್ತಾ ಬಂತು.

ಗ್ರೆಟ್ನಾದ ಜನವೂ ಕೈಕಟ್ಟಿ ಕೂರಲಿಲ್ಲ. 2008ರಲ್ಲೇ ಅಭಿಮಾನಿಗಳು ಸೇರಿ ಗ್ರೆಟ್ನಾ 2008 ಎಂಬ ಹೊಸ ಕ್ಲಬ್ಬು ಕಟ್ಟಿದರು. ಸ್ವಂತ ಊರಿನಲ್ಲಿ ಮೈದಾನ ಸಿಗದೆ ಮೊದಲು ಆ್ಯನನ್‌ನಲ್ಲಿ ಆಡಿ, ಆಮೇಲೆ ರೇಡೇಲ್ ಪಾರ್ಕಿಗೆ ಮರಳಿದರು. 2013ರಲ್ಲಿ ಶುರುವಾದ ಲೋಲ್ಯಾಂಡ್ ಲೀಗಿನ ಮೊದಲ ತಂಡಗಳಲ್ಲಿ ಅದೂ ಒಂದು. ಹ್ಯಾಂಪ್ಡನ್ ಅಲ್ಲಿಂದ ಬಹಳ ದೂರ. ಆದರೆ ಆಟ ನೋಡಲು ಊರಿನವರು ಈಗ ಮದರ್‌ವೆಲ್‌ಗೆ ಬಸ್ಸು ಹತ್ತಬೇಕಿಲ್ಲ, ಮನೆಯಿಂದ ನಡೆದೇ ಹೋಗಬಹುದು.

ಊರಿನ ಹೆಸರಿನಲ್ಲಿ ಯಾರಾದರೂ ಏನನ್ನಾದರೂ ಕಟ್ಟಿಕೊಟ್ಟಾಗ ಚಪ್ಪಾಳೆ ತಟ್ಟೋಣ, ಹಾರ ಹಾಕೋಣ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳೋಣ: ನೀವು ಕೊಡುವುದು ನಿಲ್ಲಿಸಿದ ಮುಂದಿನ ತಿಂಗಳು ಇದು ಹೇಗೆ ನಡೆಯುತ್ತದೆ? ಕೊಡುವವರಿಗೆ ಇದರಿಂದ ಅವಮಾನ ಆಗಬೇಕಿಲ್ಲ. ಕೊಟ್ಟದ್ದು ಉಳಿಯಲಿ ಎಂಬ ಆಸೆ ಅವರಿಗೂ ಇರುತ್ತದೆ.