ರಜೆಯಲ್ಲೂ ಬೇಕು ಒಬ್ಬ ಮಾರ್ಗದರ್ಶಿ

ಹೆತ್ತವರ ಆಸರೆ ತಪ್ಪಿ ಪೋಷಕ ಕುಟುಂಬದಲ್ಲೋ ಬಾಲಮಂದಿರದಲ್ಲೋ ಬೆಳೆಯುವ ಮಕ್ಕಳಿಗೆ 2015ರ ಬಾಲನ್ಯಾಯ ಕಾಯ್ದೆಯ ರಕ್ಷಣೆಯಿದೆ. ಪೋಷಕ ಕುಟುಂಬದ ಮಗುವಿಗೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ. ಆದರೆ ದುಡ್ಡೊಂದರಿಂದಲೇ ಪಾಠ ತಲೆಗೆ ಹತ್ತುವುದಿಲ್ಲ. ಮನೆ, ಶಾಲೆ ಬದಲಾದಂತೆಲ್ಲ ಕಲಿಕೆ ಹಿಂದೆ ಬೀಳುತ್ತದೆ. ಏಪ್ರಿಲ್-ಮೇ ರಜೆ ಆ ಅಂತರವನ್ನು ಹೆಚ್ಚಿಸುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಈ ಮಕ್ಕಳಿಗಾಗಿಯೇ ಬೇಸಿಗೆ ಕಲಿಕಾ ಶಿಬಿರ ನಡೆಯಬೇಕು. ಪ್ರತಿ ಮಗುವಿಗೂ ಶಿಬಿರ ಮುಗಿದ ಮೇಲೂ ಜೊತೆಗಿರುವ ಒಬ್ಬ ಮಾರ್ಗದರ್ಶಿ ಬೇಕು.

ಕಲಬುರಗಿಯ ಬಿಸಿಲಿನಲ್ಲಿ ಶಿಬಿರವೇ ಎನ್ನುವವರಿಗೆ ಉತ್ತರ ಸರಳ: ಬೆಳಗಿನ ಹೊತ್ತು ನಡೆಸಿದರಾಯಿತು. ಅಪರಿಚಿತರ ಕೈಗೆ ಮಕ್ಕಳನ್ನು ಒಪ್ಪಿಸುವುದು ಹೇಗೆಂಬ ಆತಂಕ ಹೆಚ್ಚು ಗಂಭೀರ. ಅದಕ್ಕಾಗಿಯೇ ಪೊಲೀಸ್ ಪರಿಶೀಲನೆ, ಎಲ್ಲರ ಕಣ್ಣೆದುರಿನ ಭೇಟಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೇಲ್ವಿಚಾರಣೆ ಕಡ್ಡಾಯವಾಗಲಿ. ಕಲಿಕೆ ಹಿಂದೆ ಬಿದ್ದರೆ ನಷ್ಟ ದೊಡ್ಡದು: ಈ ಭಾಗಕ್ಕೆ ಸಂವಿಧಾನದ 371ಜೆ ವಿಧಿಯಡಿ ಸಿಗುವ ಶಿಕ್ಷಣ, ಉದ್ಯೋಗ ಮೀಸಲಾತಿಯೂ ಎಸ್ಸೆಸ್ಸೆಲ್ಸಿ ದಾಟದವರಿಗೆ ಹೆಚ್ಚು ದಕ್ಕದು. ಹಾಗಾಗಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳ ಜೊತೆಗೆ ಈ ಮಾರ್ಗದರ್ಶಿಗಳ ಗೌರವಧನಕ್ಕೂ ಹಣ ತೆಗೆದಿಡಲಿ.